ಮೇಷ್ಟ್ರೇ ಮೊದಲು ಅಕ್ಷರ ತಿದ್ದಿದ ಶಾಲೆ

ಮಕ್ಕಳೇ, ನಿಮ್ಮಲ್ಲಿ ಕೆಲವರು ಸ್ಪ್ಯಾನಿಷ್ ಮಾಧ್ಯಮದ ಶಾಲೆಗೆ ಹೋಗುತ್ತೀರಿ. ಚರ್ಚ್ ನಡೆಸುವ ಪ್ರಾಥಮಿಕ ಶಾಲೆಯಾದರೆ ನಿಮ್ಮ ವಾರಕ್ಕೆ ಒಂದು ಕ್ರಮವೂ ಇರುತ್ತದೆ. ಸೋಮವಾರ ಹೊಸ ಪದಗಳ ಪಟ್ಟಿ, ವಾರದ ನಡುವೆ ಪ್ರಾರ್ಥನೆ ಮತ್ತು ಹಾಡು, ಶುಕ್ರವಾರ ಆ ವಾರದ ಪಾಠ ಒಪ್ಪಿಸುವುದು. ಲೆಕ್ಕವೂ ಸ್ಪ್ಯಾನಿಷಿನಲ್ಲೇ, ವಿಜ್ಞಾನವೂ ಸ್ಪ್ಯಾನಿಷಿನಲ್ಲೇ. ಮನೆಗೆ ಬಂದರೆ ಕನ್ನಡ, ಆಟಕ್ಕೆ ಹೋದರೆ ಇಂಗ್ಲಿಷ್. ಇಂಥ ಶಾಲೆ ಈಚಿನವರು ಕಂಡುಹಿಡಿದದ್ದು ಅಂತ ನಿಮಗೆ ಅನ್ನಿಸಿರಬಹುದು. ಇನ್ನೂರು ವರ್ಷಗಳ ಹಿಂದೆ ನಮ್ಮ ಕಡೆ ಇದಕ್ಕೆ ಹತ್ತಿರದ ಶಾಲೆಗಳಿದ್ದವು. ಒಂದೇ ಒಂದು ದೊಡ್ಡ ವ್ಯತ್ಯಾಸ: ಅಲ್ಲಿ ಭಾಷೆ ಬಾರದೆ ತಡವರಿಸುತ್ತಿದ್ದವರು ಮಕ್ಕಳಲ್ಲ, ಮೇಷ್ಟ್ರು. ಆ ಮೇಷ್ಟ್ರುಗಳನ್ನು ನಿಮಗೆ ಪರಿಚಯ ಮಾಡಿಕೊಡಬೇಕೆಂದು ನನಗೆ ಬಹಳ ದಿನದಿಂದ ಆಸೆ.

ಕಥೆ ಶುರುವಾಗುವುದು ಕರ್ನಾಟಕದಲ್ಲಲ್ಲ, ಆಂಧ್ರದ ವಿಶಾಖಪಟ್ಟಣದಲ್ಲಿ. ನಿಮ್ಮಲ್ಲಿ ಯಾರ ಅಜ್ಜನಾದರೂ ಅಲ್ಲಿನ ನೌಕಾನೆಲೆಯಲ್ಲೋ ಉಕ್ಕಿನ ಕಾರ್ಖಾನೆಯಲ್ಲೋ ಕೆಲಸ ಮಾಡಿದ್ದರೆ ಆ ಊರಿನ ಕಡಲು, ಗುಡ್ಡಗಳ ಮಾತು ಕೇಳಿರುತ್ತೀರಿ. 1805ರಲ್ಲಿ ಅಲ್ಲಿಗೆ ಇಬ್ಬರು ತರುಣ ಪಾದ್ರಿಗಳು ಬಂದರು: ಜಾರ್ಜ್ ಕ್ರಾನ್ ಮತ್ತು ಅಗಸ್ಟಸ್ ಡೆ ಗ್ರಾಂಜಸ್. ಲಂಡನ್ ಮಿಷನರಿ ಸೊಸೈಟಿ ಕಳಿಸಿದ್ದ ಇವರು ತಮ್ಮ ಧರ್ಮವನ್ನು ಸಾರಬೇಕು, ಶಾಲೆ ತೆರೆಯಬೇಕು ಎಂದು ಬಂದವರು. ಆದರೆ ಊರಿನ ಮಕ್ಕಳು ಆಡುವ ತೆಲುಗು ಅವರಿಗೆ ಒಂದಕ್ಷರವೂ ಗೊತ್ತಿಲ್ಲ. ಇಂಗ್ಲಿಷರು ಕಲಿಯಲು ತಕ್ಕ ಅಚ್ಚಾದ ತೆಲುಗು ನಿಘಂಟು, ವ್ಯಾಕರಣ ಆಗ ಇರಲಿಲ್ಲ. ಏನು ಮಾಡುವುದು? ಊರಿನ ಪಂಡಿತರ ಮುಂದೆ ಕುಳಿತು ಅ, ಆ, ಇ, ಈ ತಿದ್ದುವುದು. ಅದನ್ನೇ ಮಾಡಿದರು. ಮುಂದೆ ಆನಂದರಾಯರ್ ಎಂಬ ತೆಲುಗು ಬ್ರಾಹ್ಮಣರು, ಕ್ರೈಸ್ತರಾಗಿದ್ದವರು, ಅವರ ಜೊತೆ ಸೇರಿದರು. ಅವರ ನೆರವಿಲ್ಲದೆ ತೆಲುಗಿಗೆ ಮಾಡುತ್ತಿದ್ದ ಅನುವಾದ ಒಂದು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ.

ಆ ಇಬ್ಬರ ಆಯುಸ್ಸು ಚಿಕ್ಕದಾಗಿತ್ತು. ಕ್ರಾನ್ 1809ರಲ್ಲಿ ತೀರಿಕೊಂಡರು, ಡೆ ಗ್ರಾಂಜಸ್ 1810ರಲ್ಲಿ. ಹಡಗಿನಲ್ಲಿ ತಿಂಗಳುಗಟ್ಟಲೆ ಬಂದು, ನಾಲ್ಕೈದು ವರ್ಷ ಭಾಷೆ ಕಲಿತು, ಕಲಿತದ್ದು ಕೈಗೆ ಬರುವ ಹೊತ್ತಿಗೆ ಹೊರಟುಹೋದರು. ಅವರು ತೆಲುಗಿಗೆ ತಂದ ಮೂರು ಸುವಾರ್ತೆಗಳು 1812ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾದವು. ಅಚ್ಚಾದ ಪುಟವನ್ನು ಇಬ್ಬರೂ ನೋಡಲಿಲ್ಲ.

ಡೆ ಗ್ರಾಂಜಸ್ ತೀರಿಕೊಂಡ ಅದೇ 1810ರಲ್ಲಿ ಅದೇ ಸೊಸೈಟಿಯ ಇನ್ನೊಬ್ಬ ತರುಣ, ಜಾನ್ ಹ್ಯಾಂಡ್ಸ್, ಬಳ್ಳಾರಿಗೆ ಬಂದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ ಊರು. ಒಂದು ಓಣಿಯಲ್ಲಿ ಕನ್ನಡ, ಪಕ್ಕದ ಓಣಿಯಲ್ಲಿ ತೆಲುಗು, ದಂಡು ಪ್ರದೇಶದಲ್ಲಿ ತಮಿಳು. (1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನವೇ ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಉಳಿದವು. ಅಲ್ಲಿ ಇಂದಿಗೂ ಕನ್ನಡ ಮಾತಾಡುವ ಮನೆಗಳಿವೆ.) ಹ್ಯಾಂಡ್ಸ್ ಕನ್ನಡ ಕಲಿತರು, ಶಾಲೆ ನಡೆಸಿದರು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಎರಡು ದಶಕ ಸವೆಸಿದರು. ಅವರ ಜೊತೆಗಾರ ವಿಲಿಯಂ ರೀವ್ ಇನ್ನೊಂದು ಉಪಕಾರ ಮಾಡಿದರು. 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ತಂದರು. ಕಿಟ್ಟೆಲ್ ನಿಘಂಟಿನ ಹೆಸರು ನಿಮಗೆ ಗೊತ್ತು. ಅದಕ್ಕಿಂತ ಅರುವತ್ತು ವರ್ಷ ಮೊದಲಿನ ರೀವ್ ನಿಘಂಟನ್ನು ನಾವು ಮರೆತೇಬಿಟ್ಟಿದ್ದೇವೆ. ಮರೆಯಬಾರದಿತ್ತು.

ಈಗ ವಾರದ ಮಾತಿಗೆ ಬರೋಣ. ನಿಮಗೆ ಶನಿವಾರ, ಭಾನುವಾರ ರಜೆ. ನಿಮ್ಮ ಮುತ್ತಜ್ಜನ ಮುತ್ತಜ್ಜ ಓದಿದ ಐಗಳ ಮಠದಲ್ಲಿ ಭಾನುವಾರಕ್ಕೆ ಯಾವ ವಿಶೇಷವೂ ಇರಲಿಲ್ಲ. ಅಲ್ಲಿ ರಜೆ ಚಂದ್ರನ ಲೆಕ್ಕದಲ್ಲಿ ಬರುತ್ತಿತ್ತು: ಅಮಾವಾಸ್ಯೆ, ಹುಣ್ಣಿಮೆ, ಪಾಡ್ಯ, ಅಷ್ಟಮಿ. ಐಗಳು ಅಂದರೆ ಊರಿನ ಮೇಷ್ಟ್ರು, ಮಠ ಅಂದರೆ ದೇವಸ್ಥಾನದ ಅಥವಾ ಯಾರದೋ ಮನೆಯ ಜಗಲಿ. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ಬೆರಳು ಪಳಗಿದ ಮೇಲೆ ಕಡತ, ಅಂದರೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು ಗಟ್ಟಿ ಮಾಡಿದ ಕಪ್ಪು ಬಟ್ಟೆ. ಅದರ ಮೇಲೆ ಬಳಪದಿಂದ ಬರೆಯುವುದು. ಮಗ್ಗಿ, ಅಮರಕೋಶ ಎಲ್ಲವನ್ನೂ ಕೂಗಿ ಕೂಗಿ ಬಾಯಿಪಾಠ ಮಾಡಬೇಕು. ತಪ್ಪಿದರೆ ಬೆತ್ತ. ಆ ಶಾಲೆಗಳನ್ನು ಹಳೆಯದೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಲ್ಲಿ ಕಲಿತವರ ನೆನಪಿನ ಶಕ್ತಿ ದೊಡ್ಡದು. ಆದರೆ ಆ ಜಗಲಿಗೆ ಎಲ್ಲ ಮಕ್ಕಳಿಗೂ ಪ್ರವೇಶವಿರಲಿಲ್ಲ. ಹೆಣ್ಣುಮಕ್ಕಳು ತೀರ ಕಡಿಮೆ. ದಲಿತರ ಮಕ್ಕಳು ಹತ್ತಿರ ಸುಳಿಯುವಂತೆಯೇ ಇರಲಿಲ್ಲ.

ಮಿಷನ್ ಶಾಲೆ ಬಂದಾಗ ಊರಿಗೆ ಹೊಸದಾಗಿ ಕಂಡದ್ದು ಪಾಠ, ರಜೆಗಳ ಏಳು ದಿನದ ಚಕ್ರ. ಬೆಳಗ್ಗೆ ಪ್ರಾರ್ಥನೆ, ಒಂದು ಕೀರ್ತನೆ, ಬೈಬಲಿನ ಒಂದು ಕಥೆ. ಆಮೇಲೆ ಓದು, ಬರಹ, ಲೆಕ್ಕ, ಭೂಗೋಳ. ಗೋಡೆಯ ಮೇಲೊಂದು ನಕಾಶೆ. ಕೈಯಲ್ಲಿ ಅಚ್ಚಾದ ಪುಸ್ತಕ, ಎಲ್ಲರ ಕೈಯಲ್ಲೂ ಒಂದೇ ಪುಸ್ತಕ. ಇದು ಆಗಿನ ಮಕ್ಕಳಿಗೆ ಎಷ್ಟು ದೊಡ್ಡ ಸೋಜಿಗವೆಂದು ಪುಸ್ತಕಗಳ ನಡುವೆಯೇ ಹುಟ್ಟಿದ ನಿಮಗೆ ಊಹಿಸುವುದು ಕಷ್ಟ. ಭಾನುವಾರ ಆರಾಧನೆ, ಆ ದಿನ ಪಾಠವಿಲ್ಲ. ಇವತ್ತು ಭಾರತದ ಬಹುಪಾಲು ಶಾಲೆಗಳು ನಡೆಸುತ್ತಿರುವುದು ಅದೇ ವಾರವನ್ನು.

ಪಶ್ಚಿಮ ಕರಾವಳಿಗೆ ಬನ್ನಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷದ ನಂತರ ಬಂದವರು ಹರ್ಮನ್ ಮೊಗ್ಲಿಂಗ್. ಜರ್ಮನ್ ಮನೆಮಾತಿನ, ಇಪ್ಪತ್ತೈದರ ತರುಣ. ಈ ಬರಹದಲ್ಲಿ ಬರುವ ಎಲ್ಲರ ಪೈಕಿ ನನಗೆ ಹೆಚ್ಚು ಹತ್ತಿರದವರು ಇವರೇ. ಮಂಗಳೂರಿನಲ್ಲಿ ಬೀದಿಗೊಂದು ಭಾಷೆ: ತುಳು, ಕೊಂಕಣಿ, ಬ್ಯಾರಿ, ಕನ್ನಡ. ಯಾವ ಭಾಷೆಯಲ್ಲಿ ಶಾಲೆ ನಡೆಸುವುದು? ಇಂಗ್ಲಿಷ್ ಶಾಲೆಗೆ ಊರಿನ ದೊಡ್ಡವರಿಂದ ಬೇಡಿಕೆಯಿತ್ತು, ಅದನ್ನೂ ನಡೆಸಿದರು. ಆದರೆ ಮೊಗ್ಲಿಂಗರ ಮನಸ್ಸು ನಿಂತದ್ದು ಕನ್ನಡದ ಮೇಲೆ. ಹುಡುಗರಿಗೆ ಕನ್ನಡದಲ್ಲಿ ಓದಲು ಪುಸ್ತಕವೆಲ್ಲಿದೆ ಎಂದು ಹುಡುಕಿದರೆ ಎಲ್ಲವೂ ತಾಳೆಗರಿಯಲ್ಲಿ, ಯಾರ ಯಾರದೋ ಮನೆಯ ಅಟ್ಟದಲ್ಲಿ. ಹಾಗಾಗಿ ಅವರು ಮೇಷ್ಟ್ರ ಕೆಲಸದ ಜೊತೆಗೆ ಅಚ್ಚಿನ ಕೆಲಸವನ್ನೂ ಕೈಗೆತ್ತಿಕೊಂಡರು.

1843ರ ಜುಲೈ 1ರಂದು ಅವರು ಹದಿನೈದು ದಿನಕ್ಕೊಮ್ಮೆ ಬರುವ ಒಂದು ಪತ್ರಿಕೆ ಶುರು ಮಾಡಿದರು. ಹೆಸರು ‘ಮಂಗಳೂರ ಸಮಾಚಾರ’. ನಾಲ್ಕು ಪುಟ, ಬೆಲೆ ಒಂದು ದುಡ್ಡು. ಕನ್ನಡದ ಮೊದಲ ವೃತ್ತಪತ್ರಿಕೆ ಅದು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. ಅದು ಅಚ್ಚಾಗುತ್ತಿದ್ದದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ನೀರು ಹಾಯಿಸಿ, ಕಾಗದ ಒತ್ತಿ ತೆಗೆಯುವ ಕ್ರಮ. ಮೊಳೆ ಜೋಡಿಸಿ ಅಚ್ಚು ಹಾಕುವ ಸೌಕರ್ಯ ಬಳ್ಳಾರಿಯ ಮಿಷನ್ ಮುದ್ರಣಾಲಯದಲ್ಲಿತ್ತು. ಹ್ಯಾಂಡ್ಸ್, ರೀವ್ ಅವರ ಅದೇ ಬಳ್ಳಾರಿ! 1844ರಲ್ಲಿ ಪತ್ರಿಕೆ ಅಲ್ಲಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರು ತಳೆಯಿತು. ಹೆಚ್ಚು ಕಾಲ ಬಾಳಲಿಲ್ಲ. ಮೊಗ್ಲಿಂಗ್ ಸುಮ್ಮನೆ ಕೂರಲಿಲ್ಲ. 1848ರಿಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಹೊರತಂದರು. ಗಾದೆಗಳನ್ನು ಒಟ್ಟುಹಾಕಿ ಪುಸ್ತಕ ಮಾಡಿದರು. ಪಾದ್ರಿಯೊಬ್ಬರು ಹರಿದಾಸರ ಪದಗಳನ್ನು ಅಚ್ಚು ಹಾಕಿಸಿದರು ಎಂಬುದನ್ನು ಒಂದು ಗಳಿಗೆ ನಿಂತು ಯೋಚಿಸಿ. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡಕ್ಕಾಗಿ!

ನಿಮಗೆ ಎಲ್ಲವನ್ನೂ ಹೇಳಬೇಕಲ್ಲ, ಇದನ್ನೂ ಹೇಳುತ್ತೇನೆ. ಈ ಮಿಷನರಿಗಳ ಗುರಿ ಬರೀ ಪಾಠವಲ್ಲ, ಜನ ಕ್ರೈಸ್ತರಾಗಲಿ ಎಂಬುದೂ ಆಗಿತ್ತು. 1844ರ ಜನವರಿಯಲ್ಲಿ ಮಂಗಳೂರಿನ ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ಗೆಳೆಯರ ಜೊತೆ ದೀಕ್ಷೆ ತೆಗೆದುಕೊಂಡಾಗ ಊರಿಗೆ ಊರೇ ಕುದಿಯಿತು. ಮನೆಯವರ ದುಃಖ ಸಣ್ಣದಲ್ಲ, ಆ ಹುಡುಗನ ನಿಶ್ಚಯವೂ ಸಣ್ಣದಲ್ಲ. ಆನಂದರಾವ್ ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿ ಬಂದು ಇಲ್ಲಿಯೇ ದುಡಿದರು. ವಿಶಾಖಪಟ್ಟಣದಲ್ಲಿ ಒಬ್ಬ ಆನಂದರಾಯರ್, ಮಂಗಳೂರಿನಲ್ಲಿ ಒಬ್ಬ ಆನಂದರಾವ್. ಬಿಳಿಯ ಮೇಷ್ಟ್ರುಗಳ ಚಿತ್ರಗಳು ಪುಸ್ತಕಗಳಲ್ಲಿ ಸಿಗುತ್ತವೆ. ಅವರಿಗೆ ಕನ್ನಡ, ತೆಲುಗು ಕಲಿಸಿದ ಪಂಡಿತರ, ಮುನ್ಷಿಗಳ ಹೆಸರುಗಳೇ ಬಹುಪಾಲು ಉಳಿದಿಲ್ಲ. ಇದು ಅನ್ಯಾಯ. ಈ ಶಾಲೆಗಳಲ್ಲಿ ಅರ್ಧ ಮೇಷ್ಟ್ರಿಕೆ ಮಾಡಿದವರು ಅವರು.

ಎಲ್ಲ ಮಿಷನ್ ಶಾಲೆಗಳೂ ಒಂದೇ ದಾರಿ ಹಿಡಿಯಲಿಲ್ಲ. ವಿಜಯವಾಡಕ್ಕೆ ಹತ್ತಿರದ ಮಚಲೀಪಟ್ಟಣದಲ್ಲಿ ರಾಬರ್ಟ್ ನೋಬಲ್ 1843ರಲ್ಲಿ, ಅಂದರೆ ‘ಮಂಗಳೂರ ಸಮಾಚಾರ’ ಹುಟ್ಟಿದ ವರ್ಷವೇ, ಇಂಗ್ಲಿಷ್ ಶಾಲೆ ತೆರೆದರು. ಅಲ್ಲಿ ಸೇರಿದವರು ಹೆಚ್ಚಾಗಿ ಮೇಲ್ಜಾತಿಯ ಹುಡುಗರು. ಒಳ್ಳೆಯ ಶಾಲೆಯೇ, ಮುಂದೆ ಕಾಲೇಜೂ ಆಯಿತು. ಆದರೂ ನನ್ನ ಒಲವು ಊರಿನ ಭಾಷೆಯಲ್ಲಿ, ಊರಿನ ಎಲ್ಲರಿಗೂ ಕಲಿಸಲು ಹೊರಟವರ ಕಡೆಗೆ.

ಹಾಗೆ ಹೊರಟವರೆಲ್ಲ ಯೂರೋಪಿನವರೇ ಅಂದುಕೊಳ್ಳಬೇಡಿ. ವಿ. ಎಸ್. ಅಜರಯ್ಯ ತಿರುನೆಲ್ವೇಲಿ ಕಡೆಯ ತಮಿಳರು. ತೆಲುಗು ನಾಡಿನ ದೋರ್ನಕಲ್ಲಿಗೆ ಬಂದು ತೆಲುಗು ಕಲಿತು, ಬಡ ಕೂಲಿಕಾರರ ಹಳ್ಳಿಗಳಲ್ಲಿ ಸಭೆಗಳನ್ನೂ ಶಾಲೆಗಳನ್ನೂ ಕಟ್ಟಿದರು. 1912ರಲ್ಲಿ ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. 1945ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಇದ್ದರು. ವಿಜಯವಾಡದಲ್ಲಿ ಅವರ ಹೆಸರಿನ ಹೆಣ್ಣುಮಕ್ಕಳ ಶಾಲೆಯಿದೆ. ನಡು ವಯಸ್ಸಿಗೆ ಹತ್ತಿರವಾದವರೊಬ್ಬರು ಬೇರೊಂದು ಭಾಷೆಯ ಕಾಗುಣಿತ ಕಲಿಯಲು ಕುಳಿತರಲ್ಲ, ಸ್ಪ್ಯಾನಿಷ್ ಕ್ರಿಯಾಪದಗಳು ತಲೆಗೆ ಹತ್ತದ ದಿನ ಅವರನ್ನು ನೆನೆಸಿಕೊಳ್ಳಿ.

ಇನ್ನು ಆಗಲೇ ಹೆಸರು ಬಂದ ನಿಘಂಟಿನ ಕಿಟ್ಟೆಲ್. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದವರು. ಮಕ್ಕಳಿಗಾಗಿ ಕನ್ನಡ ಪಠ್ಯಪುಸ್ತಕಗಳನ್ನು ಮಾಡಿದರು, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದರು. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳು. ಅದರಲ್ಲಿ ನನಗೆ ತುಂಬ ಇಷ್ಟವಾದದ್ದೆಂದರೆ, ಒಂದು ಪದದ ಅರ್ಥ ಬರೆದು ಕಿಟ್ಟೆಲ್ ಸುಮ್ಮನಾಗುವುದಿಲ್ಲ. ಆ ಪದ ಜನರ ಬಾಯಲ್ಲಿ ಹೇಗೆ ಓಡಾಡುತ್ತದೆ ಎಂದು ತೋರಿಸಲು ಜೊತೆಗೆ ಗಾದೆಗಳನ್ನು ಕೊಡುತ್ತಾರೆ. ಅಂಗಳದಲ್ಲಿ, ಸಂತೆಯಲ್ಲಿ, ಗದ್ದೆಯಲ್ಲಿ ಆಡಿದ ಮಾತುಗಳು ಆ ದಪ್ಪ ಪುಸ್ತಕದ ಪುಟಪುಟದಲ್ಲಿವೆ. ಅಷ್ಟನ್ನೂ ಅವರಿಗೆ ಹೇಳಿಕೊಟ್ಟವರು ನಮ್ಮ ಹಿರಿಯರು.

ಮುಂದಿನ ರಜೆಯಲ್ಲಿ ಮಂಗಳೂರಿಗೆ ಹೋದಾಗ ಬಲ್ಮಠಕ್ಕೆ ಕರೆದುಕೊಂಡು ಹೋಗಲು ಅಪ್ಪ ಅಮ್ಮನನ್ನು ಕೇಳಿ. ಅಲ್ಲಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ ಕಾಲದ ಪುಸ್ತಕಗಳನ್ನು, ತಾಳೆಗರಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ವಿಶಾಖಪಟ್ಟಣಕ್ಕೋ ವಿಜಯವಾಡಕ್ಕೋ ಹೋದರೆ ಅಂಗಡಿಗಳ ತೆಲುಗು ಬೋರ್ಡುಗಳನ್ನು ಓದಲು ಪ್ರಯತ್ನಿಸಿ. ಕನ್ನಡ ಅಕ್ಷರ ಬಂದವರಿಗೆ ಅರ್ಧಕ್ಕಿಂತ ಹೆಚ್ಚು ತಾನಾಗಿ ಬರುತ್ತದೆ. ಮತ್ತೆ ಈ ವಾರವೇ ಒಂದು ಕೆಲಸ: ಊರಿಗೆ ಫೋನ್ ಮಾಡಿದಾಗ ಅಜ್ಜಿಯನ್ನೋ ತಾತನನ್ನೋ ಕೇಳಿ ಒಂದು ಗಾದೆ ಬರೆದುಕೊಳ್ಳಿ, ಯಾವಾಗ ಹೇಳುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಭಾನುವಾರದ ಕನ್ನಡ ತರಗತಿಗೆ ತನ್ನಿ. ಎಲ್ಲವನ್ನೂ ಸೇರಿಸಿ, ತಂದವರ ಹೆಸರು, ಹೇಳಿಕೊಟ್ಟವರ ಹೆಸರು ಎರಡನ್ನೂ ಹಾಕಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ.