ನಿಜಾಮರ ಹಳಿ, ನಮ್ಮ ರೈಲು

ಬೀದರ್‌ನಲ್ಲಿ ಕಲಬುರಗಿ ರೈಲು ಹತ್ತಿದರೆ ಅದು ಮೊದಲು ಭಾಲ್ಕಿ ಕಡೆ ಹೊರಡುತ್ತೆ. ಖಾನಾಪುರ ಜಂಕ್ಷನ್ ಬಂದ ಮೇಲೇನೇ ಹುಮನಾಬಾದ್ ಕಡೆ ತಿರುಗೋದು. ಕಾರಣ ಇಷ್ಟೇ: 2017ರಲ್ಲಿ ಶುರುವಾದ ಕಲಬುರಗಿ ಮಾರ್ಗವನ್ನು ನಿಜಾಮರ ಕಾಲದ ಹಳಿಗೆ ಅಲ್ಲಿ ಜೋಡಿಸಿದ್ದಾರೆ. ಆ ನಿಜಾಮರೇ ಮೀರ್ ಉಸ್ಮಾನ್ ಅಲಿ ಖಾನ್.

1886ರಲ್ಲಿ ಹೈದರಾಬಾದ್‌ನಲ್ಲಿ ಹುಟ್ಟಿದ ಇವರು 1911ರಲ್ಲಿ, 25ನೇ ವಯಸ್ಸಿಗೇ ಏಳನೇ ನಿಜಾಮರಾದರು. 1937ರಲ್ಲಿ ಟೈಮ್ ಪತ್ರಿಕೆ ಇವರನ್ನು ಜಗತ್ತಿನ ಅತಿ ಶ್ರೀಮಂತ ಅಂತ ಮುಖಪುಟದಲ್ಲಿ ಹಾಕಿತು. ಆದರೆ ಇವರ ರಾಜ್ಯದ ರೈಲು ಬಹಳ ಕಾಲ ಲಂಡನ್ನಿನ ಕಂಪನಿಯೊಂದರ ಕೈಲಿತ್ತು. ಆ ಕಂಪನಿಯ ಬಂಡವಾಳಕ್ಕೆ ಬಡ್ಡಿಯ ಗ್ಯಾರಂಟಿ ಕೊಟ್ಟಿದ್ದು ನಿಜಾಮರ ಖಜಾನೆ. ಅದಕ್ಕೇ ಅದರ ಹೆಸರು ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. 1930ರ ಏಪ್ರಿಲ್ 1ರಂದು ಸರ್ಕಾರವೇ ಅದನ್ನು ಕೊಂಡುಕೊಂಡಿತು.

ವಿಕಾರಾಬಾದ್‌ನಿಂದ ಬೀದರ್, ಭಾಲ್ಕಿ, ಉದಗೀರ್ ಮೇಲೆ ಪರಳಿಗೆ ಹೋಗುವ ಮಾರ್ಗ ಆ ದಶಕದ ಆರಂಭದಲ್ಲಿ ಬಂತು. ಇದು ಬ್ರಾಡ್‌ಗೇಜ್, 1676 ಮಿ.ಮೀ. ಪರಳಿಯಿಂದ ಪರಭಣಿಗೆ ಮಾತ್ರ 1000 ಮಿ.ಮೀ. ಮೀಟರ್‌ಗೇಜ್. ಮಾಲೀಕ ಒಬ್ಬನೇ ಆದರೂ ಇಲ್ಲಿನ ಬೋಗಿ ಅಲ್ಲಿ ಓಡುವಂತಿರಲಿಲ್ಲ. ಪರಳಿಯಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕಿತ್ತು. ಇನ್ನೊಂದು ವಿಚಿತ್ರ ನೋಡಿ: 1932ರಲ್ಲಿ ಇದೇ ರೈಲ್ವೆ ಇಲಾಖೆ 27 ಬಸ್ಸು ತಂದು ರಸ್ತೆ ಸಾರಿಗೆಯನ್ನೂ ಶುರು ಮಾಡಿತು.

ಇದರಿಂದ ಅವರ ಆಳ್ವಿಕೆಯ ಕಡೆಯ ದಿನಗಳನ್ನು ಮರೆಯೋಕಾಗಲ್ಲ. 1948ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯನ್ನು ಇಲ್ಲಿನ ಮಂದಿ ಇನ್ನೂ ಮರೆತಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1950ರಿಂದ ನಿಜಾಮರು ರಾಜಪ್ರಮುಖರಾಗಿದ್ದರು. 1951ರಲ್ಲಿ ಅವರ ರೈಲ್ವೆ ಕೇಂದ್ರ ರೈಲ್ವೆಯೊಳಗೆ ಸೇರಿಹೋಯಿತು.

1956ರಲ್ಲಿ ಆ ಹುದ್ದೆ ಹೋಯಿತು, ರಾಜ್ಯವೂ ಒಡೆಯಿತು. ಅಲ್ಲಿಯವರೆಗೆ ಜಹೀರಾಬಾದ್, ಬೀದರ್, ಭಾಲ್ಕಿ, ಉದಗೀರ್ ಎಲ್ಲ ಒಂದೇ ಬೀದರ್ ಜಿಲ್ಲೆ. ಇವತ್ತು ಅದೇ ಹಳಿ ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರ ಮೂರನ್ನೂ ದಾಟುತ್ತೆ. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿತು, ಕೇಂದ್ರ ಮತ್ತೆ ಸಿಕಂದರಾಬಾದೇ. 1967ರ ಫೆಬ್ರವರಿ 24ರಂದು ನಿಜಾಮರು ತೀರಿಕೊಂಡರು.

ಬೀದರ್, ಭಾಲ್ಕಿ ಈಗಲೂ ಸಿಕಂದರಾಬಾದ್ ವಿಭಾಗದಲ್ಲೇ ಇವೆ. ಕಲಬುರಗಿ ಕೇಂದ್ರ ರೈಲ್ವೆಯ ಸೋಲಾಪುರ ವಿಭಾಗ, ಬೆಂಗಳೂರು ನೈಋತ್ಯ ರೈಲ್ವೆ. ರಾತ್ರಿ ಹೊರಟು ಬೆಳಿಗ್ಗೆ ಬೆಂಗಳೂರು ಮುಟ್ಟುವ ರೈಲು ಎರಡೂ ಕಡೆಯಿಂದ ದಿನಾ ಓಡಬೇಕಂದ್ರೆ ಕನಿಷ್ಠ ಎರಡು ರೇಕ್ ಬೇಕು. ಅವನ್ನು ಯಾವ ವಲಯ ಕೊಡಬೇಕು, ಯಾವ ಡಿಪೋ ನೋಡ್ಕೋಬೇಕು, ಉಳಿದ ವಲಯಗಳು ಯಾವ ಹೊತ್ತಿಗೆ ದಾರಿ ಬಿಡಬೇಕು? ಹಳಿ ಇದ್ದರೂ ರೈಲು ಬರೋದು ಈ ಲೆಕ್ಕ ಕೂಡಿದಾಗಲೇ.

ಔರಾದ್‌ಗಂತೂ ಆ ಹಳಿಯೂ ಬರಲಿಲ್ಲ. ಅಲ್ಲಿನ ಗೆಳೆಯರು ರೈಲು ಹತ್ತಬೇಕಂದ್ರೆ ಮೊದಲು ಬಸ್ ಹಿಡಿದು ಬೀದರ್‌ಗೋ ಭಾಲ್ಕಿಗೋ ಬರಬೇಕು. ನಾಳೆ ಔರಾದ್ ಮೇಲೆ ನಾಂದೇಡ್ ಹಳಿ ಬಂದರೆ ಸಂತೋಷವೇ. ಆದರೆ ಹಳಿ ಕೇಳುವಾಗಲೇ ರೇಕ್ ಯಾರದು ಅಂತಾನೂ ಕೇಳೋಣ.