ದುಬಾರಿ ವಾಚು ಸಮಯ ತಪ್ಪುವುದೇ ಇಲ್ಲವೇ? ಬಡಗಿ ಜಾನ್ ಹ್ಯಾರಿಸನ್ ಬದುಕಿನಲ್ಲಿದೆ ಉತ್ತರ

ಲಕ್ಷಗಟ್ಟಲೆ ಬೆಲೆಯ ಮೆಕ್ಯಾನಿಕಲ್ ವಾಚು ಒಂದು ಸೆಕೆಂಡೂ ಹಿಂದೆಮುಂದೆ ಆಗುವುದಿಲ್ಲ, ಅಗ್ಗದ ಬ್ಯಾಟರಿ ವಾಚನ್ನು ನಂಬಬೇಡಿ ಎಂಬ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಮ್ಮ ಗ್ರೂಪಿಗೆ ಅದನ್ನು ಕಳಿಸಿದವರು ಮೂಡಲಗಿಯ ನಮ್ಮ ಕಾಕಾ. ನಿವೃತ್ತಿಯಾದಾಗ ಮಗ ಕೊಡಿಸಿದ ದುಬಾರಿ ಆಟೊಮ್ಯಾಟಿಕ್ ವಾಚು ಅವರ ಕೈಯಲ್ಲಿತ್ತು. ಅದನ್ನು ನೋಡಿ ಮನೆಯ ಗೋಡೆ ಗಡಿಯಾರವನ್ನೂ ತಿದ್ದಿದ್ದರು. ಆಮೇಲೆ ಗೋಕಾಕಕ್ಕೆ ಹೋಗುವ ಬಸ್ಸು ದಿನಾ ತಡ ಎಂದು ಬೈಯತೊಡಗಿದರು. ಒಂದು ದಿನ ಹುಕ್ಕೇರಿಯಿಂದ ಅತ್ತೆ ಬಂದರು. ಅವರ ಐನೂರು ರೂಪಾಯಿಯ ಬ್ಯಾಟರಿ ವಾಚನ್ನೂ ಮೊಬೈಲನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ಬಯಲಾಯಿತು. ಬಸ್ಸು ಸಮಯಕ್ಕೇ ಬರುತ್ತಿತ್ತು. ಕಾಕಾನ ವಾಚು 14 ನಿಮಿಷ ಮುಂದಿತ್ತು.

ದುಬಾರಿ ವಾಚು ಹೀಗೇಕೆ ಮಾಡುತ್ತದೆ? ಉತ್ತರ ಬೇಕಿದ್ದರೆ ಸುಮಾರು 300 ವರ್ಷ ಹಿಂದಿನ ಒಬ್ಬ ಬಡಗಿಯ ಬದುಕನ್ನು ನೋಡಬೇಕು. ಹೆಸರು ಜಾನ್ ಹ್ಯಾರಿಸನ್.

ಗಡಿಯಾರ ತಪ್ಪಿದರೆ ಹಡಗು ದಾರಿ ತಪ್ಪುತ್ತಿತ್ತು

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷ. ನಮ್ಮ ಊರಿನಿಂದಲೇ ಲೆಕ್ಕ ಹಾಕೋಣ. ಭಾರತದ ಅಧಿಕೃತ ಸಮಯ ಆಂಧ್ರದ ಕಾಕಿನಾಡದ ಸಮೀಪ ಹಾದುಹೋಗುವ 82.5 ಡಿಗ್ರಿ ರೇಖಾಂಶದ್ದು. ಗೋಕಾಕ ಇರುವುದು ಸುಮಾರು 74.8 ಡಿಗ್ರಿಯಲ್ಲಿ. ಹಾಗಾಗಿ ಗೋಕಾಕದಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಹನ್ನೆರಡೂವರೆ ಹೊತ್ತಿಗೆ.

ಇದೇ ಲೆಕ್ಕವನ್ನು ತಿರುಗಿಸಿದರೆ ಸಮುದ್ರದಲ್ಲಿ ದಾರಿ ಸಿಗುತ್ತದೆ. ಬಂದರಿನಿಂದ ಹೊರಟಾಗಿನ ಸಮಯವನ್ನು ಹಡಗಿನ ಗಡಿಯಾರ ಕಾಪಾಡಬೇಕು. ಹಡಗು ಇರುವ ಜಾಗದ ಸಮಯವನ್ನು ಸೂರ್ಯನಿಂದ ತಿಳಿಯಬಹುದು. ಎರಡರ ವ್ಯತ್ಯಾಸ ಎಷ್ಟೋ, ಹಡಗು ಪೂರ್ವಕ್ಕೋ ಪಶ್ಚಿಮಕ್ಕೋ ಅಷ್ಟು ದೂರ ಬಂದಿದೆ ಎಂದರ್ಥ. ಗಡಿಯಾರ ಒಂದೇ ನಿಮಿಷ ತಪ್ಪಿದರೂ ಭೂಮಧ್ಯರೇಖೆಯ ಹತ್ತಿರ ಲೆಕ್ಕ ಸುಮಾರು 28 ಕಿ.ಮೀ. ತಪ್ಪುತ್ತದೆ.

ಹಡಗು ಎಲ್ಲಿದೆ ಎಂದು ತಪ್ಪಾಗಿ ತಿಳಿದರೆ ಏನಾಗುತ್ತದೆ ಎಂಬುದು 1707ರಲ್ಲಿ ಕಂಡಿತು. ಇಂಗ್ಲೆಂಡಿನ ಸಿಲಿ ದ್ವೀಪಗಳ ಬಳಿ ನಾಲ್ಕು ಯುದ್ಧ ಹಡಗುಗಳು ಮುಳುಗಿ ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. 1714ರಲ್ಲಿ ಬ್ರಿಟಿಷ್ ಸಂಸತ್ತು ರೇಖಾಂಶ ತಿಳಿಯುವ ವಿಧಾನಕ್ಕೆ 20,000 ಪೌಂಡ್ ಬಹುಮಾನ ಘೋಷಿಸಿತು. ಷರತ್ತು ಕಠಿಣವಾಗಿತ್ತು. ಇಂಗ್ಲೆಂಡಿನಿಂದ ವೆಸ್ಟ್ ಇಂಡೀಸ್‌ವರೆಗಿನ ಪ್ರಯಾಣದ ಕೊನೆಗೆ ತಪ್ಪು ಅರ್ಧ ಡಿಗ್ರಿ, ಅಂದರೆ 2 ನಿಮಿಷ ಮೀರಬಾರದು.

ಮರದ ಗಡಿಯಾರ ಮಾಡಿದ ಬಡಗಿ

ಹ್ಯಾರಿಸನ್ ಹುಟ್ಟಿದ್ದು 1693ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಫೌಲ್ಬಿ ಎಂಬ ಹಳ್ಳಿಯಲ್ಲಿ. ತಂದೆ ಬಡಗಿ, ಮಗನೂ ಅದೇ ಕಸುಬು ಕಲಿತ. ದೊಡ್ಡ ಓದೇನೂ ಇರಲಿಲ್ಲ. ಗೋಕಾಕದ ಕುಶಲಕರ್ಮಿಗಳು ಮರದಲ್ಲಿ ಹಣ್ಣು, ಗೊಂಬೆ ಅರಳಿಸುವಂತೆ ಈತ ಮರದಲ್ಲಿ ಗಡಿಯಾರದ ಚಕ್ರಗಳನ್ನು ಕೆತ್ತಿದ. ಮೊದಲ ಗಡಿಯಾರ ಮುಗಿಸಿದಾಗ ಆತನಿಗೆ 20 ವರ್ಷ.

ಅಂದಿನ ಗಡಿಯಾರಗಳ ಮೊದಲ ಶತ್ರು ಎಣ್ಣೆ. ದಿನ ಕಳೆದಂತೆ ಅದು ಗಟ್ಟಿಯಾಗಿ ಚಕ್ರಗಳನ್ನು ಹಿಡಿಯುತ್ತಿತ್ತು. ಹ್ಯಾರಿಸನ್ ತನ್ನಲ್ಲೇ ಜಿಡ್ಡಿರುವ ಲಿಗ್ನಮ್ ವೈಟೆ ಎಂಬ ಗಟ್ಟಿ ಮರ ಬಳಸಿ, ಎಣ್ಣೆಯೇ ಬೇಡದ ಗಡಿಯಾರ ಮಾಡಿದ.

ಎರಡನೇ ಶತ್ರು ತಾಪಮಾನ. ಸೆಕೆಗೆ ಲೋಹದ ಲೋಲಕ ಉದ್ದವಾಗಿ ಗಡಿಯಾರ ನಿಧಾನವಾಗುತ್ತದೆ, ಚಳಿಗೆ ಗಿಡ್ಡವಾಗಿ ವೇಗ ಹೆಚ್ಚುತ್ತದೆ. ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಎರಡರ ಸರಳುಗಳನ್ನೂ ಜೋಡಿಸಿ, ಒಂದರ ಹಿಗ್ಗುವಿಕೆ ಇನ್ನೊಂದರದ್ದನ್ನು ಸರಿದೂಗಿಸುವಂತೆ ಆತ ಲೋಲಕ ಮಾಡಿದ.

ನಾಲ್ಕು ಯಂತ್ರ, ಮೂವತ್ತು ವರ್ಷ

ಓಲಾಡುವ ಹಡಗಿನಲ್ಲಿ ಲೋಲಕ ಕೆಲಸಕ್ಕೆ ಬಾರದು. 1730ರ ಸುಮಾರಿಗೆ ಹ್ಯಾರಿಸನ್ ತನ್ನ ನಕ್ಷೆಗಳೊಂದಿಗೆ ಲಂಡನ್ನಿಗೆ ಹೋದ. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ ಅವನನ್ನು ಪ್ರಸಿದ್ಧ ಗಡಿಯಾರ ತಯಾರಕ ಜಾರ್ಜ್ ಗ್ರಹಾಂ ಬಳಿ ಕಳಿಸಿದ. ಗ್ರಹಾಂ ಸಾಲ ಕೊಟ್ಟು ಬೆನ್ನು ತಟ್ಟಿದ.

1735ಕ್ಕೆ ಮೊದಲ ಸಮುದ್ರ ಗಡಿಯಾರ ಸಿದ್ಧವಾಯಿತು. ಮರುವರ್ಷ ಅದರೊಂದಿಗೆ ಲಿಸ್ಬನ್‌ಗೆ ಹೋಗಿ ಮರಳುವಾಗ, ಹಡಗು ಎಲ್ಲಿದೆ ಎಂಬ ವಿಷಯದಲ್ಲಿ ಹಡಗಿನವರ ಲೆಕ್ಕ ತಪ್ಪಿತ್ತು, ಹ್ಯಾರಿಸನ್ ಲೆಕ್ಕ ಸರಿಯಿತ್ತು. ಆದರೂ ಆತನಿಗೆ ಸಮಾಧಾನವಿರಲಿಲ್ಲ. ಎರಡನೆಯದರಲ್ಲಿ ತಾನೇ ದೋಷ ಕಂಡು ಅದನ್ನು ಬದಿಗಿಟ್ಟ. ಮೂರನೆಯದಕ್ಕೆ 19 ವರ್ಷ ಹಿಡಿಯಿತು. ಅದಕ್ಕಾಗಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದನ್ನು ಕಂಡುಹಿಡಿದ. ಇಸ್ತ್ರಿ ಪೆಟ್ಟಿಗೆ ಸಾಕಷ್ಟು ಬಿಸಿಯಾದಾಗ ಟಕ್ ಎಂದು ಆರುತ್ತದಲ್ಲ, ಆ ಥರ್ಮೋಸ್ಟಾಟ್‌ನಲ್ಲಿ ಇರುವುದೂ ಇದೇ ಬಗೆಯ ಪಟ್ಟಿ.

1759ರಲ್ಲಿ ನಾಲ್ಕನೆಯದು ಬಂತು. ಅದು ಯಂತ್ರದಂತಿರಲಿಲ್ಲ, ಸುಮಾರು 13 ಸೆಂ.ಮೀ. ಅಗಲದ ದೊಡ್ಡ ಜೇಬು ಗಡಿಯಾರದಂತಿತ್ತು. ಅದರ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ 5 ಸಲ ಬಡಿಯುತ್ತಿತ್ತು. ಜೋರಾಗಿ, ಬೇಗ ಬಡಿಯುವ ಚಕ್ರವನ್ನು ಹಡಗಿನ ಅಲುಗಾಟ ಸುಲಭವಾಗಿ ಕೆಡಿಸಲಾರದು.

5 ಸೆಕೆಂಡಿನ ಜಗಳ

1761ರ ನವೆಂಬರ್‌ನಲ್ಲಿ ಮಗ ವಿಲಿಯಂ ಅದನ್ನು ಜಮೈಕಾಕ್ಕೆ ಒಯ್ದ. 81 ದಿನಗಳ ನಂತರ ತಪ್ಪು ಸುಮಾರು 5 ಸೆಕೆಂಡ್ ಮಾತ್ರ.

ಇಲ್ಲಿ ಒಂದು ಮಾತು ಗಮನಿಸಿ. ಆ ಗಡಿಯಾರವೂ ದಿನಾ ಸೆಕೆಂಡುಗಳ ಲೆಕ್ಕದಲ್ಲಿ ತಪ್ಪುತ್ತಲೇ ಇತ್ತು. ಆದರೆ ದಿನಕ್ಕೆ ಎಷ್ಟು ತಪ್ಪುತ್ತದೆ ಎಂಬುದು ಗೊತ್ತಿತ್ತು, ಆ ತಪ್ಪು ಬಹುಮಟ್ಟಿಗೆ ಒಂದೇ ಸಮನಾಗಿತ್ತು. ಅದನ್ನು ಕಳೆದ ಮೇಲೆ ಉಳಿದದ್ದು 5 ಸೆಕೆಂಡ್. ಒಳ್ಳೆಯ ಮೆಕ್ಯಾನಿಕಲ್ ವಾಚಿನ ಗುಟ್ಟು ಇದು: ಅದು ತಪ್ಪದೇ ಇರುವುದಿಲ್ಲ, ಒಂದೇ ಅಳತೆಯಲ್ಲಿ ತಪ್ಪುತ್ತದೆ.

ರೇಖಾಂಶ ಮಂಡಳಿ ಒಪ್ಪಲಿಲ್ಲ. ಇದು ಅದೃಷ್ಟವೂ ಇರಬಹುದು, ಮತ್ತೆ ಪರೀಕ್ಷೆಯಾಗಲಿ ಎಂದಿತು. ಹ್ಯಾರಿಸನ್‌ಗೆ ಸಿಟ್ಟು ಬಂತು. ಆದರೆ ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬಾರದು ಎಂಬುದು ವಿಜ್ಞಾನದಲ್ಲಿ ನ್ಯಾಯವಾದ ಮಾತೇ. 1764ರಲ್ಲಿ ಬಾರ್ಬಡೋಸ್‌ಗೆ ಎರಡನೇ ಪ್ರಯಾಣವಾಯಿತು. ಈ ಸಲ ತಪ್ಪು 47 ದಿನಕ್ಕೆ 39 ಸೆಕೆಂಡ್. ಮಿತಿಯಾದ 2 ನಿಮಿಷಕ್ಕಿಂತ ಮೂರು ಪಟ್ಟು ಉತ್ತಮ.

ಆಮೇಲೆ ಆದದ್ದು ನ್ಯಾಯವೆನಿಸುವುದಿಲ್ಲ. ಗಡಿಯಾರವನ್ನು ಬಿಚ್ಚಿ ಎಲ್ಲ ರಹಸ್ಯ ವಿವರಿಸಿದ ಮೇಲೆ ಸಿಕ್ಕಿದ್ದು ಅರ್ಧ ಹಣ. ಚಂದ್ರನನ್ನು ನೋಡಿ ರೇಖಾಂಶ ತಿಳಿಯುವ ವಿಧಾನದ ಬೆಂಬಲಿಗ ನೆವಿಲ್ ಮಾಸ್ಕೆಲಿನ್ 1765ರಲ್ಲಿ ರಾಜ ಖಗೋಳಜ್ಞನಾಗಿ ಮಂಡಳಿಯಲ್ಲಿ ಕೂತಿದ್ದ. ಗಡಿಯಾರದ ಮುಂದಿನ ಪರೀಕ್ಷೆಯೂ ಅವನ ಕೈಗೇ ಹೋಯಿತು, ಫಲಿತಾಂಶ ಹ್ಯಾರಿಸನ್‌ಗೆ ವಿರುದ್ಧವಾಗಿ ಬಂತು.

ರಾಜನ ಮನೆಯ ಅಯಸ್ಕಾಂತ

ಮುದುಕನಾಗಿದ್ದ ಹ್ಯಾರಿಸನ್ ಕೊನೆಗೆ ರಾಜ ಮೂರನೇ ಜಾರ್ಜ್ ಮೊರೆಹೋದ. 1772ರಲ್ಲಿ ಐದನೇ ಗಡಿಯಾರವನ್ನು ರಾಜನ ಸ್ವಂತ ವೀಕ್ಷಣಾಲಯದಲ್ಲಿ ಹತ್ತು ವಾರ ಪರೀಕ್ಷಿಸಲಾಯಿತು. ಮೊದಮೊದಲು ಅದು ವಿಪರೀತ ತಪ್ಪಿತಂತೆ. ಆಗ ರಾಜನಿಗೆ ಪಕ್ಕದ ಕಪಾಟಿನಲ್ಲಿ ತಾನೇ ಅಯಸ್ಕಾಂತದ ಕಲ್ಲುಗಳನ್ನು ಇಟ್ಟದ್ದು ನೆನಪಾಯಿತು ಎಂಬ ಕಥೆಯಿದೆ. ಕೊನೆಗೆ ಬಂದ ಸರಾಸರಿ ತಪ್ಪು ದಿನಕ್ಕೆ ಸೆಕೆಂಡಿನ ಮೂರನೇ ಒಂದು ಭಾಗ.

1773ರಲ್ಲಿ ಸಂಸತ್ತು 8,750 ಪೌಂಡ್ ಮಂಜೂರು ಮಾಡಿತು. ಆಗ ಹ್ಯಾರಿಸನ್‌ಗೆ 80 ವರ್ಷ. ಇತ್ತ ನಾಲ್ಕನೇ ಗಡಿಯಾರದ ನಕಲೊಂದು ಕ್ಯಾಪ್ಟನ್ ಕುಕ್ ಜೊತೆ ದಕ್ಷಿಣ ಸಾಗರ ಸುತ್ತಿ 1775ರಲ್ಲಿ ಮರಳಿತು. ಕುಕ್ ಅದನ್ನು ಮನಸಾರೆ ಮೆಚ್ಚಿದ. 1776ರ ಮಾರ್ಚ್ 24ರಂದು ಹ್ಯಾರಿಸನ್ ಲಂಡನ್‌ನಲ್ಲಿ ತೀರಿಕೊಂಡ.

ಹಾಗಾದರೆ ನಿಮ್ಮ ವಾಚು?

ಹ್ಯಾರಿಸನ್ ಎದುರಿಸಿದ ಶತ್ರುಗಳು ಇಂದಿಗೂ ಅವೇ: ಒಣಗಿದ ಎಣ್ಣೆ, ತಾಪಮಾನ, ಅಲುಗಾಟ, ಅಯಸ್ಕಾಂತ. ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೊನೊಮೀಟರ್ ಪರೀಕ್ಷೆಯೇ ಮೆಕ್ಯಾನಿಕಲ್ ವಾಚಿಗೆ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಅಥವಾ 6 ಸೆಕೆಂಡ್ ಮುಂದೆ ಹೋಗಲು ಅವಕಾಶ ಕೊಡುತ್ತದೆ. ಸಾಮಾನ್ಯ ಬ್ಯಾಟರಿ ವಾಚು ತಿಂಗಳಿಗೆ ಸುಮಾರು 15 ಸೆಕೆಂಡ್ ತಪ್ಪಬಹುದು. ಕಾರಣ ಸರಳ. ಮೆಕ್ಯಾನಿಕಲ್ ವಾಚಿನ ಚಕ್ರ ಸೆಕೆಂಡಿಗೆ 6ರಿಂದ 8 ಸಲ ಬಡಿದರೆ, ಬ್ಯಾಟರಿ ವಾಚಿನ ಕ್ವಾರ್ಟ್ಜ್ ಹರಳು 32,768 ಸಲ ಕಂಪಿಸುತ್ತದೆ. ದುಬಾರಿ ವಾಚಿಗೆ ಕೊಡುವ ಹಣ ಕುಸುರಿ ಕೆಲಸಕ್ಕೆ, ಲೋಹಕ್ಕೆ, ಹೆಸರಿಗೆ. ಬರೀ ಸಮಯಕ್ಕಲ್ಲ.

ಮೆಕ್ಯಾನಿಕಲ್ ವಾಚು ಇದ್ದವರು ಇಷ್ಟು ಮಾಡಿ:

- ಒಂದು ವಾರ ದಿನಾ ಒಂದೇ ಹೊತ್ತಿಗೆ ಮೊಬೈಲ್ ಸಮಯದೊಂದಿಗೆ ಹೋಲಿಸಿ ಬರೆದಿಡಿ. ದಿನಾ ಕೆಲವೇ ಸೆಕೆಂಡ್, ಅದೂ ಒಂದೇ ಸಮನೆ ತಪ್ಪುತ್ತಿದ್ದರೆ ಚಿಂತೆ ಬೇಡ.
- ಕೀಲಿ ಕೊಡುವ ವಾಚಾದರೆ ದಿನಾ ಒಂದೇ ಹೊತ್ತಿಗೆ ಕೀಲಿ ಕೊಡಿ. ಬೆಂಗಳೂರಿನಲ್ಲಿ ತಯಾರಾದ ಎಚ್‌ಎಂಟಿ ವಾಚು ಕಟ್ಟುತ್ತಿದ್ದ ಹಿರಿಯರಿಗೆ ಈ ರೂಢಿ ಇತ್ತು.
- ಮೊಬೈಲ್, ಸ್ಪೀಕರ್, ಅಯಸ್ಕಾಂತದ ಗುಂಡಿಯ ಪರ್ಸಿನಿಂದ ದೂರ ಇಡಿ.
- ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಿದರೆ ಅಯಸ್ಕಾಂತದ ಪ್ರಭಾವ ಇರಬಹುದು. ರಿಪೇರಿಯವರಿಗೆ ತೋರಿಸಿ.

ಕಾಕಾನ ವಾಚಿಗೆ ಆದದ್ದೂ ಇದೇ. ಗೋಕಾಕದ ರಿಪೇರಿಯವರು ಅದರ ಪಕ್ಕ ದಿಕ್ಸೂಚಿ ಹಿಡಿದಾಗ ಮುಳ್ಳು ಗರ್ರನೆ ತಿರುಗಿತು. ಕಾಕಾ ರಾತ್ರಿ ಮಲಗುವಾಗ ವಾಚನ್ನು ಬ್ಲೂಟೂತ್ ಸ್ಪೀಕರಿನ ಮೇಲೆ ಬಿಚ್ಚಿಡುತ್ತಿದ್ದರು. ಕಾಂತಪ್ರಭಾವ ತೆಗೆಯುವ ಪುಟ್ಟ ಯಂತ್ರದ ಮೇಲಿಟ್ಟ ಕೆಲವೇ ಕ್ಷಣಗಳಲ್ಲಿ ಅದು ಸರಿಹೋಯಿತು. ಈಗ ದಿನಕ್ಕೆ ಐದಾರು ಸೆಕೆಂಡ್ ಮುಂದೆ ಹೋಗುತ್ತದೆ, ಅಷ್ಟು ಸಹಜ.

ನಮ್ಮ ತೀರ್ಮಾನ: ಬೆಲೆ ಹೆಚ್ಚಾದಷ್ಟೂ ವಾಚು ನಿಖರ ಎಂಬುದು ತಪ್ಪು. ಹ್ಯಾರಿಸನ್ ಗಡಿಯಾರವನ್ನೇ ಎರಡು ಸಲ ಸಮುದ್ರ ದಾಟಿಸಿ ಪರೀಕ್ಷಿಸಿದರು. ನಮಗೆ ಬಂದ ಸಂದೇಶವನ್ನು ಮುಂದೆ ಕಳಿಸುವ ಮುನ್ನ ಒಮ್ಮೆಯಾದರೂ ಪರೀಕ್ಷಿಸೋಣ.