ಹುಣಸೂರಿನ ಆನೆ ಸಾಹೇಬ ಸ್ಯಾಂಡರ್ಸನ್: ಕೋವಿಯಿಂದ ಖೆಡ್ಡಾದವರೆಗೆ

ದಸರಾ ಸಮೀಪಿಸಿತೆಂದರೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣದ ಸಡಗರ. ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮೈಸೂರಿನತ್ತ ಹೊರಡುವ ಆನೆಗಳನ್ನು ಕಾಣಲು ಸುತ್ತಲಿನ ಊರುಗಳ ಜನ ನೆರೆಯುತ್ತಾರೆ. ಕಾಡಾನೆಯನ್ನು ಕೊಲ್ಲದೆ ಹಿಂಡುಹಿಂಡಾಗಿ ಹಿಡಿದು ಪಳಗಿಸುವ ಕಾರ್ಯವನ್ನು ಮೈಸೂರು ಸೀಮೆಯಲ್ಲಿ ಮೊದಲ ಬಾರಿಗೆ ಯಶಸ್ವಿಯಾಗಿಸಿದ ವ್ಯಕ್ತಿ ಒಂದೂವರೆ ಶತಮಾನದ ಹಿಂದೆ ಇದೇ ಹುಣಸೂರಿನಲ್ಲಿ ನಾಲೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು ಎಂಬುದು ಆ ನೆರವಿಯಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಅವರೇ ಜಾರ್ಜ್ ಪೆರೆಸ್ ಸ್ಯಾಂಡರ್ಸನ್.

ನಿಘಂಟುಕಾರನ ಮಗ

ಸ್ಯಾಂಡರ್ಸನ್ ಹುಟ್ಟಿದ್ದು 1848ರಲ್ಲಿ, ಭಾರತದಲ್ಲಿಯೇ. ತಂದೆ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್ನಿನ ಪಾದ್ರಿ. ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಿಂದ ಹೊರತಂದವರು ಇವರೇ. ಕಿಟ್ಟೆಲ್ ನಿಘಂಟು ಬರುವುದಕ್ಕೆ ಮುನ್ನ ಕನ್ನಡ ಕಲಿಯುವ ಪರದೇಶಿಯರಿಗೆ ಆಧಾರವಾಗಿದ್ದ ಗ್ರಂಥಗಳಲ್ಲಿ ಅದೂ ಒಂದು. ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗಿದ್ದ ಮಗ 1864ರಲ್ಲಿ, ಹದಿನಾರರ ಹರೆಯದಲ್ಲಿ, ಮೈಸೂರು ಸೀಮೆಗೆ ಮರಳಿದ. ಕಾಫಿ ತೋಟ ಮಾಡುವ ಆಸೆ ಕೈಗೂಡಲಿಲ್ಲ. ಕೊನೆಗೆ ಸೇರಿದ್ದು ಸರ್ಕಾರದ ನೀರಾವರಿ ಕೆಲಸಕ್ಕೆ, ನೆಲೆಸಿದ್ದು ಲಕ್ಷ್ಮಣತೀರ್ಥದ ದಂಡೆಯ ಹುಣಸೂರಿನಲ್ಲಿ.

ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಹುಣಸೂರು ಅಮೃತಮಹಲ್ ದನಗಳಿಗೂ ಕಾಫಿ ವ್ಯಾಪಾರಕ್ಕೂ ಹೆಸರಾದ ಊರು. ಇಂದಿನ ಕೃಷ್ಣರಾಜನಗರ ಪಟ್ಟಣ ಅಂದು ಇರಲಿಲ್ಲ. ಎಡತೊರೆಯೇ ಆ ಭಾಗದ ಊರು. ಪಿರಿಯಾಪಟ್ಟಣದ ಆಚೆ ಕೊಡಗಿನ ಕಾಡು, ಹೆಗ್ಗಡದೇವನಕೋಟೆಯ ದಕ್ಷಿಣಕ್ಕೆ ಕಬಿನಿಯ ದಟ್ಟಾರಣ್ಯ. ನದಿಗಳಿಗೆ ಅಣೆ ಕಟ್ಟಿ ತೆಗೆದ ನೂರಾರು ಮೈಲಿ ನಾಲೆಗಳ ಮೇಲೆ ಕುದುರೆಯೇರಿ ಸುತ್ತುವುದು ಸ್ಯಾಂಡರ್ಸನ್ನರ ಉದ್ಯೋಗವಾಯಿತು. ರೈತರೊಂದಿಗೆ ಕನ್ನಡದಲ್ಲಿಯೇ ವ್ಯವಹರಿಸಿದರು. ಜೇನುಕುರುಬರು, ಬೆಟ್ಟಕುರುಬರು ಅವರಿಗೆ ಕಾಡಿನ ಪಾಠ ಹೇಳಿದರು. ಹೆಜ್ಜೆ ಗುರುತು, ಲದ್ದಿಯ ಬಿಸಿ, ಮುರಿದ ಕೊಂಬೆಯ ರಸ ಇವುಗಳಿಂದ ಆನೆ ಎಷ್ಟು ಹೊತ್ತಿಗೆ ಮುನ್ನ ದಾಟಿತೆಂದು ಅಳೆಯಬಲ್ಲ ಆ ಜನರ ನೆರವಿಲ್ಲದಿದ್ದರೆ ಸ್ಯಾಂಡರ್ಸನ್ ಎಂಬ ಹೆಸರು ಇತಿಹಾಸದಲ್ಲಿ ಉಳಿಯುತ್ತಿರಲಿಲ್ಲ.

ಒಂಬತ್ತು ಕಿಲೋ ತೂಕದ ಕೋವಿ

ಆ ಕಾಲದ ಬಿಳಿಯ ಅಧಿಕಾರಿಗಳಂತೆ ಅವರಿಗೂ ಬೇಟೆಯ ಗೀಳಿತ್ತು. ಕಾಕನಕೋಟೆಯ ಬಳಿ ಜನರನ್ನು ಕಾಡುತ್ತಿದ್ದ ಪುಂಡಾನೆಯನ್ನು ಹೊಡೆದುರುಳಿಸಿದ ಪ್ರಸಂಗವನ್ನು ಅವರೇ ವಿವರವಾಗಿ ಬರೆದಿದ್ದಾರೆ. ಆನೆಯ ತಲೆಬುರುಡೆ ಜೇನುಗೂಡಿನಂತೆ ಟೊಳ್ಳು ಮೂಳೆಯ ರಾಶಿ. ಅದರೊಳಗೆ ಮೆದುಳಿನ ಜಾಗ ಚಿಕ್ಕದು. ಕಪ್ಪು ಮದ್ದಿನ ಆ ದಿನಗಳಲ್ಲಿ ಅಲ್ಲಿಗೆ ಗುಂಡು ಮುಟ್ಟಿಸಬೇಕಾದರೆ ಭಾರಿ ಗುಂಡೇ ಬೇಕು. ಸ್ಯಾಂಡರ್ಸನ್ ಮೊದಲು ಬಳಸಿದ್ದು ಒಂಟಿ ನಳಿಗೆಯ ಕೋವಿ. ಹತ್ತಿರದಿಂದ ಆನೆ ಎರಗಿದಾಗ ಒಂದೇ ಈಡು ಸಾಲದೆಂಬುದು ಅರಿವಾದ ಮೇಲೆ ಬರ್ಮಿಂಗ್‌ಹ್ಯಾಮಿನ ಗ್ರೀನರ್ ಕಂಪನಿಯ ಜೋಡಿ ನಳಿಗೆಯ 4 ಬೋರ್ ಕೋವಿಗೆ ಬದಲಾದರು. ಒಂದು ಪೌಂಡ್ ಸೀಸದಿಂದ ನಾಲ್ಕೇ ಗುಂಡು ಎರಕ ಹೊಯ್ದರೆ ಅಂಥ ಒಂದು ಗುಂಡು ಹಿಡಿಸುವಷ್ಟು ಅಗಲದ ನಳಿಗೆ ಎಂಬುದು ಆ ಅಳತೆಯ ಅರ್ಥ. ಕೋವಿಯ ತೂಕ ಹತ್ತೊಂಬತ್ತೂವರೆ ಪೌಂಡ್, ಎಂದರೆ ಸುಮಾರು ಒಂಬತ್ತು ಕಿಲೋ. ಅಷ್ಟು ಭಾರವಿಲ್ಲದಿದ್ದರೆ ಅದರ ಒದೆತವನ್ನು ಭುಜ ತಾಳುತ್ತಿರಲಿಲ್ಲ.

ಅಂಥ ಕೋವಿಯಲ್ಲಿ ನಳಿಗೆಗೂ ಮರದ ಹಿಡಿಗೂ ಇದ್ದ ನಂಟು ಇಂದಿನ ಓದುಗರಿಗೆ ವಿಚಿತ್ರವೆನಿಸೀತು. ಆಕ್ರೋಡು ಮರದ ದಿಮ್ಮಿಯನ್ನು ಕುಶಲಕರ್ಮಿಯೊಬ್ಬ ದಿನಗಟ್ಟಲೆ ಕೆತ್ತಿ, ಆ ಒಂದು ಕೋವಿಯ ಕಬ್ಬಿಣದ ಭಾಗಕ್ಕೆ ಕೂದಲೆಳೆಯ ಸಂದೂ ಇಲ್ಲದಂತೆ ಕೂರಿಸುತ್ತಿದ್ದ. ಹಿಡಿಯ ಉದ್ದ, ಬಾಗು ಎಲ್ಲವೂ ಕೊಂಡವನ ತೋಳಿಗೆ, ಕೆನ್ನೆಗೆ ತಕ್ಕಂತೆ. ಒಂದರ ಹಿಡಿ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ಸಿರಿವಂತರು ಒಂದೇ ಹಿಡಿಗೆ ಎರಡು ಜೊತೆ ನಳಿಗೆಗಳನ್ನು ಮಾಡಿಸಿಕೊಳ್ಳುವುದುಂಟು. ಹಕ್ಕಿಗೆ ಒಂದು, ದೊಡ್ಡ ಬೇಟೆಗೆ ಇನ್ನೊಂದು. ಅದನ್ನೂ ಅದೇ ಕುಶಲಕರ್ಮಿಯೇ ಹೊಂದಿಸಬೇಕಿತ್ತು. ಕಾಡಿನಲ್ಲಿ ಹಿಡಿ ಮುರಿದರೆ ಕೋವಿ ಕೇವಲ ಕಬ್ಬಿಣ.

1898ರ ಜರ್ಮನಿಯ ಮೌಸರ್ ರೈಫಲ್ಲಿನಲ್ಲಿ ನಳಿಗೆ ಮತ್ತು ಗುಂಡು ತುಂಬುವ ಯಂತ್ರಭಾಗ ಒಂದೇ ಘಟಕವಾಗಿ, ಕೆಳಗಿನಿಂದ ಬಿಗಿಯುವ ಎರಡು ತಿರುಪುಗಳ ಮೂಲಕ ಹಿಡಿಗೆ ಕೂಡಿಕೊಳ್ಳುತ್ತಿತ್ತು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ ಲೀ-ಎನ್‌ಫೀಲ್ಡ್ ರೈಫಲ್ಲಿಗೆ ಸಿಪಾಯಿಯ ತೋಳಿನ ಅಳತೆಗೆ ತಕ್ಕ ಉದ್ದದ ಹಿಂಬದಿ ಹಿಡಿ ಜೋಡಿಸಬಹುದಾಗಿತ್ತು. ಇಂದು ಗುರಿ ಸ್ಪರ್ಧೆಯ ಶೂಟರುಗಳು ನಳಿಗೆಯ ಘಟಕವನ್ನು ಮರದ ಹಿಡಿಯಿಂದ ಕಳಚಿ ಅಲ್ಯೂಮಿನಿಯಂ ಚೌಕಟ್ಟಿಗೆ ಕೆಲವೇ ನಿಮಿಷಗಳಲ್ಲಿ ಕೂರಿಸುತ್ತಾರೆ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿದಂತೆ ಲೋಹ ಉಬ್ಬದು. ಆದರೂ ತಿರುಪುಗಳನ್ನು ನಿಗದಿತ ಬಿಗಿತಕ್ಕೆ ತಿರುಗಿಸಬೇಕು, ಒದೆತ ತಡೆಯುವ ಗಟ್ಟಿ ಚಾಚು ತನ್ನ ಕಚ್ಚಿನಲ್ಲಿ ಅಲುಗದೆ ಕೂತಿರಬೇಕು, ಪ್ರತಿ ಬದಲಾವಣೆಯ ನಂತರ ಗುರಿಯನ್ನು ಹೊಸದಾಗಿ ಹೊಂದಿಸಬೇಕು. ಕಬ್ಬಿಣ ಮತ್ತು ಹಿಡಿ ಒಂದಾಗಿ ಕೂತರೆ ಮಾತ್ರ ಗುರಿ ಎಂಬ ಹಳೆಯ ನಿಯಮ ಬದಲಾಗಿಲ್ಲ.

ಕೋವಿ ಕೆಳಗಿಟ್ಟ ಗಳಿಗೆ

ಸ್ಯಾಂಡರ್ಸನ್ನರ ಹಿರಿಮೆ ಇರುವುದು ಅವರ ಕೋವಿಯಲ್ಲಲ್ಲ. ಅದರ ಮಿತಿಯನ್ನು ಅರಿತದ್ದರಲ್ಲಿ. ಆನೆಗಳು ರಾತ್ರೋರಾತ್ರಿ ರಾಗಿ, ಭತ್ತದ ಪೈರನ್ನು ತುಳಿದು ಹೋಗುತ್ತಿದ್ದವು. ಒಂಟಿ ಸಲಗವನ್ನು ಹೊಡೆದರೆ ಹಿಂಡು ನಿಲ್ಲುತ್ತಿರಲಿಲ್ಲ. ಅದೇ ಹೊತ್ತಿಗೆ ಆನೆಗಳ ಮನಸೋಇಚ್ಛೆ ಹತ್ಯೆಯನ್ನು ತಡೆಯಲು ನೆರೆಯ ಮದರಾಸು ಪ್ರಾಂತ್ಯ 1873ರಲ್ಲಿ ಕಾಯಿದೆ ತಂದಿತು. ಹಿಂಡನ್ನೇ ಹಿಡಿದು ಸರ್ಕಾರದ ಕೆಲಸಕ್ಕೆ ಒದಗಿಸುವುದಾಗಿ ಸ್ಯಾಂಡರ್ಸನ್ ಸರ್ಕಾರಕ್ಕೆ ಸೂಚಿಸಿದ್ದೂ ಅದೇ ವರ್ಷ. ನಕ್ಕವರೇ ಹೆಚ್ಚು. ಹೈದರಾಲಿ ಕಾಕನಕೋಟೆಯಲ್ಲಿ ಇಂಥದೇ ಪ್ರಯತ್ನ ಮಾಡಿ ಸೋತಿದ್ದ, ಮುಂದೆ ಯತ್ನಿಸುವವರಿಗೆ ಶಾಪವನ್ನು ಕಲ್ಲಿನಲ್ಲಿ ಕೆತ್ತಿಸಿದ್ದ ಎಂಬ ಪ್ರತೀತಿ ಇತ್ತು. 1867ರಲ್ಲಿ ಕರ್ನಲ್ ಪಿಯರ್ಸನ್ ಕೂಡ ಅಲ್ಲಿಯೇ ವಿಫಲರಾಗಿದ್ದರು.

ಸ್ಯಾಂಡರ್ಸನ್ ಆಯ್ದುಕೊಂಡದ್ದು ಚಾಮರಾಜನಗರದ ಬಳಿಯ ಕಾಡನ್ನು. ಮೊದಲ ಯತ್ನ ಕೈಕೊಟ್ಟಿತು. 1874ರ ಜೂನ್‌ನಲ್ಲಿ ನೂರಾರು ಜನರನ್ನು ಸಾಲಾಗಿ ನಿಲ್ಲಿಸಿ, ಬೆಂಕಿ ಹಾಕಿಸಿ, ಹೊಳೆ, ನಾಲೆ ಮತ್ತು ಕಂದಕಗಳ ನಡುವೆ ಹಿಂಡನ್ನು ಕೂಡಿಹಾಕಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ನೀರು ಹರಿಯುವ ದಾರಿಯನ್ನು ವರ್ಷಗಟ್ಟಲೆ ತಿದ್ದಿದ ಅನುಭವ ಆನೆಯ ದಾರಿಯನ್ನು ತಿದ್ದುವುದಕ್ಕೂ ಒದಗಿತೆನ್ನಬೇಕು. ಈ ಗೆಲುವು ಅವರನ್ನು ಬಂಗಾಳದ ಖೆಡ್ಡಾಗಳಿಗೂ ಕರೆದೊಯ್ದಿತು. 1878ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಕಾಡುಮೃಗಗಳ ನಡುವಿನ ಹದಿಮೂರು ವರ್ಷಗಳನ್ನು ಕುರಿತ ಅವರ ಗ್ರಂಥ ಜಗತ್ತಿನ ಗಮನ ಸೆಳೆಯಿತು. ಕಿಪ್ಲಿಂಗನ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಇವರೇ ಮಾದರಿಯೆಂದು ನಂಬಲಾಗಿದೆ. 1889ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಅವರಿಗೆ ಖೆಡ್ಡಾ ತೋರಿಸಿದವರೂ ಸ್ಯಾಂಡರ್ಸನ್. ಮೂರು ವರ್ಷಗಳಲ್ಲಿ, 1892ರಲ್ಲಿ, ಮದರಾಸಿನಲ್ಲಿ ಅವರು ತೀರಿಕೊಂಡರು. ಇನ್ನೂ ಐವತ್ತು ತುಂಬಿರಲಿಲ್ಲ.

ಉಳಿದ ಪ್ರಶ್ನೆ

ಖೆಡ್ಡಾ ಹಿಂಸೆಯಿಲ್ಲದ ಮಾರ್ಗವಾಗಿತ್ತೆಂದು ಹೇಳಲಾಗದು. ಹಗ್ಗದ ಗಾಯಗಳಿಂದ, ಹಿಂಡಿನಿಂದ ಅಗಲಿದ ಆಘಾತದಿಂದ ಸತ್ತ ಆನೆಗಳು ಕಡಿಮೆಯಲ್ಲ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಸ್ಯಾಂಡರ್ಸನ್ ಅಲೆದ ಕಾಡಿನ ಒಂದು ಭಾಗ ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿತು.

ಕಾಕನಕೋಟೆಯ ಖೆಡ್ಡಾದಲ್ಲಿ 1968ರಲ್ಲಿ ಸೆರೆಯಾದ ಅರ್ಜುನ ಎಂಬ ಆನೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತು, 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಾಡಿನಲ್ಲಿ ಪುಂಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ ಕಾಡಾನೆಯೊಡನೆ ಕಾದಾಡುತ್ತ ಮಡಿಯಿತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ರೈತ ಇಂದಿಗೂ ರಾತ್ರಿ ಪೈರು ಕಾಯುತ್ತಾನೆ. ಕಂದಕದ ಜೊತೆಗೆ ರೈಲು ಹಳಿಗಳ ಬೇಲಿ ಬಂದಿದೆ. ಆನೆಯನ್ನು ಕೊಲ್ಲದೆ ಬೆಳೆಯನ್ನು ಉಳಿಸುವುದು ಹೇಗೆಂಬ ಪ್ರಶ್ನೆಯನ್ನು ಹುಣಸೂರಿನ ನಾಲೆಯ ಸಾಹೇಬ ಎತ್ತಿಕೊಂಡು ನೂರೈವತ್ತು ವರ್ಷ ಕಳೆದವು. ಪೂರ್ಣ ಉತ್ತರ ಇನ್ನೂ ಸಿಕ್ಕಿಲ್ಲ.